ಬಿಳಿ ರಕ್ತಕಣಗಳ ಒಂದು ಬಗೆಯಾದ ಟಿ ಕೋಶಗಳು ಮುಟ್ಟದೆಯೇ ಬೇರೆ ರೋಗನಿರೋಧಕ ಕೋಶಗಳನ್ನು ಹೇಗೆ ಸುಮ್ಮನಾಗಿಸುತ್ತವೆ?

ಸೈಟೊಕೈನ್ ಅನ್ನುವ ಸಣ್ಣ ಪ್ರೋಟೀನುಗಳನ್ನು ಸುತ್ತಲಿನ ದ್ರವಕ್ಕೆ ಬಿಟ್ಟು. ಕೋಶಗಳ ನಡುವೆ ಸಂದೇಶ ಒಯ್ಯುವುದು ಇವುಗಳ ಕೆಲಸ. ತಡೆ ಹಾಕುವವುಗಳಲ್ಲಿ ಬಹಳ ಮುಖ್ಯವಾದದ್ದು ಇಂಟರ್‌ಲ್ಯೂಕಿನ್-10. 1989ರಲ್ಲಿ ಇದನ್ನು ಗುರುತಿಸಿದ್ದೇ ಹೀಗೆ: ಒಂದು ಬಗೆಯ ಟಿ ಕೋಶ ಇದನ್ನು ಬಿಟ್ಟರೆ ಇನ್ನೊಂದು ಬಗೆಯ ಟಿ ಕೋಶದಲ್ಲಿ ಸೈಟೊಕೈನ್ ತಯಾರಿ ತಗ್ಗುತ್ತಿತ್ತು.

ಆದರೆ ಇದು ಹೆಚ್ಚಾಗಿ ಸುತ್ತುದಾರಿಯಲ್ಲಿ ಕೆಲಸ ಮಾಡುತ್ತದೆ. ಟಿ ಕೋಶ ಚುರುಕಾಗಬೇಕಾದರೆ ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಅಥವಾ ಡೆಂಡ್ರಿಟಿಕ್ ಕೋಶ ಆ ರೋಗಾಣುವಿನ ಚೂರನ್ನು ತನ್ನ ಮೈಮೇಲೆ ಹಿಡಿದು ತೋರಿಸಬೇಕು, ಅಲ್ವಾ? ಇಂಟರ್‌ಲ್ಯೂಕಿನ್-10 ಬಂದು ಅಂಟಿಕೊಂಡಾಗ ಈ ಕೋಶಗಳು ಹಾಗೆ ತೋರಿಸುವುದನ್ನು ಕಡಿಮೆ ಮಾಡುತ್ತವೆ. ಟಿ ಕೋಶವನ್ನು ದಾಳಿಗೆ ಹುರಿದುಂಬಿಸುವ ಇಂಟರ್‌ಲ್ಯೂಕಿನ್-12 ಕೂಡ ಇಳಿಯುತ್ತದೆ. ಪ್ರಚೋದನೆ ಸಿಗದ ಟಿ ಕೋಶ ತಣ್ಣಗಾಗುತ್ತದೆ.

ಈ ತಡೆ ಎಷ್ಟು ಅಗತ್ಯ ಅನ್ನುವುದು ಕೆಲವು ಮಕ್ಕಳ ಕಾಯಿಲೆಯಲ್ಲಿ ಕಾಣುತ್ತದೆ. ಇಂಟರ್‌ಲ್ಯೂಕಿನ್-10ರ ಸಂದೇಶ ಹಿಡಿಯುವ ಗ್ರಾಹಕದ ಜೀನ್ ಕೆಟ್ಟಿದ್ದರೆ ಎಳೆ ವಯಸ್ಸಿನಲ್ಲೇ ಕರುಳು ತೀವ್ರವಾಗಿ ಉರಿಯೂತಕ್ಕೆ ತುತ್ತಾಗುತ್ತದೆ. ಕರುಳಲ್ಲಿ ಸುಮ್ನೆ ಇರುವ ಬ್ಯಾಕ್ಟೀರಿಯಾಗಳ ವಿರುದ್ಧವೂ ದಾಳಿ ನಡೆಯುತ್ತಲೇ ಇರುತ್ತದೆ. ಸಾಮಾನ್ಯ ಔಷಧಿಗೆ ಇದು ಸುಲಭವಾಗಿ ಬಗ್ಗುವುದಿಲ್ಲ. ಮೂಳೆಮಜ್ಜೆ ಕಸಿಯಿಂದ ಹಲವು ಮಕ್ಕಳು ಚೇತರಿಸಿಕೊಂಡಿದ್ದಾರೆ. ಕಸಿಯಿಂದ ಹುಟ್ಟುವ ಹೊಸ ರೋಗನಿರೋಧಕ ಕೋಶಗಳಿಗೆ ಆ ಸಂದೇಶ ತಲುಪುತ್ತದೆ.