ಸಿಟ್ಟು ಮಾಡಿಕೊಂಡು ಊರು ಬಿಡಬೇಡಿ

ವಿಜಯನಗರದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ವಯಸ್ಸು 29, ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಎರಡು ಕಿರುಚಿತ್ರ ಮಾಡಿದ್ದಾರೆ. ಪತ್ರದ ಸಾರ ಇಷ್ಟು: "ಇಲ್ಲಿ ಚಿಕ್ಕ ಸಿನಿಮಾಕ್ಕೆ ಜಾಗವಿಲ್ಲ. ವಿಮರ್ಶಕರು ದೊಡ್ಡ ಹೀರೋ ಬಂದರೆ ಸ್ಟಾರ್ ಸುರಿಯುತ್ತಾರೆ. ನಾನು ಕಳಿಸಿದ ವಿಮರ್ಶೆಯನ್ನು ನೀವೂ ವಾಪಸ್ ಕಳಿಸಿದಿರಿ. ಅಮ್ಮನನ್ನು ಒಪ್ಪಿಸಿ ಜರ್ಮನಿಗೆ ಹೋಗಿ ಅಲ್ಲೇ ಸಿನಿಮಾ ಕಲಿತು, ಅಲ್ಲೇ ಮಾಡುತ್ತೇನೆ. ಕಲೆಗೆ ಬೆಲೆ ಇರುವ ಕಡೆ ಇರೋದೇ ಸರಿ ಅಲ್ವಾ?"

ಪ್ರಿಯ ಮಿತ್ರರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮ್ಮ ಸಿಟ್ಟಿಗೆ ಕಾರಣ ಇದೆ. ಚಿಕ್ಕ ಕನ್ನಡ ಸಿನಿಮಾಕ್ಕೆ ಮಲ್ಟಿಪ್ಲೆಕ್ಸ್‌ನಲ್ಲಿ ಬೆಳಗ್ಗೆ ಹತ್ತರ ಆಟ ಸಿಕ್ಕಿದರೇ ಪುಣ್ಯ. ಡಿಜಿಟಲ್ ಪ್ರೊಜೆಕ್ಷನ್ ಶುಲ್ಕ ನಿರ್ಮಾಪಕರ ತಲೆ ಮೇಲೆ, ಪೋಸ್ಟರ್ ಖರ್ಚು ಬೇರೆ. ನಾಲ್ಕು ಜನರ ಬಾಯಿಗೆ ಬೀಳುವ ಹೊತ್ತಿಗೆ ಸಿನಿಮಾ ಎತ್ತಂಗಡಿ ಆಗಿರುತ್ತದೆ. ಇದನ್ನು ನಾನೂ ವರ್ಷಗಳಿಂದ ನೋಡುತ್ತಿದ್ದೇನೆ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಆದರೆ ಜರ್ಮನಿಯ ಲೆಕ್ಕವನ್ನು ನೀವು ಅರ್ಧ ಮಾತ್ರ ಬರೆದಿದ್ದೀರಿ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ನಿಜ. ಆದರೆ ವಿದ್ಯಾರ್ಥಿ ವೀಸಾಕ್ಕೆ ಒಂದು ವರ್ಷದ ಖರ್ಚೆಂದು 11,904 ಯೂರೋ ಖಾತೆಯಲ್ಲಿ ಇಟ್ಟು ತೋರಿಸಬೇಕು. ನಮ್ಮ ದುಡ್ಡಲ್ಲಿ 11 ಲಕ್ಷಕ್ಕೂ ಮೇಲೆ. ಫಿಲ್ಮ್ ಸ್ಕೂಲ್‌ಗಳಲ್ಲಿ ನಿರ್ದೇಶನದ ಪಾಠ ಹೆಚ್ಚಾಗಿ ಜರ್ಮನ್ ಭಾಷೆಯಲ್ಲೇ ನಡೆಯುತ್ತದೆ. ಸೀಟು ಬೆರಳೆಣಿಕೆಯಷ್ಟು. ಮೊದಲು ನಿಮ್ಮ ಸಿನಿಮಾ ತೋರಿಸಿ ಎನ್ನುತ್ತಾರೆ. ಅಂದರೆ ಅಲ್ಲಿಗೆ ಹೋಗುವುದಕ್ಕೂ ಇಲ್ಲಿ ಒಂದು ಒಳ್ಳೆಯ ಚಿತ್ರ ಮಾಡಿಕೊಂಡೇ ಹೋಗಬೇಕು.

ಇನ್ನೊಂದು ವಿಷಯ. ಹೊರದೇಶದ ನೆರವು ಪಡೆಯಲು ಊರು ಬಿಡಲೇಬೇಕೆಂದಿಲ್ಲ. ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ಫಂಡ್ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ನಿರ್ದೇಶಕರಿಗೆಂದೇ ಇರುವ ಸಹಾಯಧನ. ಗೋವಾದಲ್ಲಿ ಪ್ರತಿ ನವೆಂಬರ್ ಆಸುಪಾಸು ನಡೆಯುವ ಫಿಲ್ಮ್ ಬಜಾರ್‌ಗೆ ಹೊರದೇಶದ ನಿರ್ಮಾಪಕರೇ ಕಥೆ ಹುಡುಕಿಕೊಂಡು ಬರುತ್ತಾರೆ. ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣ ಅದು.

ಈಗ ನನ್ನ ಮನಸ್ಸಿನಲ್ಲಿರುವ ಮಾತಿಗೆ ಬರುತ್ತೇನೆ. ಸಿನಿಮಾಕ್ಕೆ ದುಡ್ಡಿಗಿಂತ ಜಾಸ್ತಿ ಬೇಕಾದ್ದು ಜನ.

ಇಪ್ಪತ್ತೈದರ ವಯಸ್ಸಿನಲ್ಲಿ ಒಬ್ಬ ಗೆಳೆಯನ ಸಿನಿಮಾಕ್ಕೆ ಸಹಾಯಕನಾಗಿದ್ದೆ. ಚಾಮರಾಜಪೇಟೆಯ ಒಂದು ವಠಾರದಲ್ಲಿ ಶೂಟಿಂಗ್. ದೃಶ್ಯದಲ್ಲಿ ಮಾತೇ ಇಲ್ಲ. ಮುದುಕರೊಬ್ಬರು ಕಿಟಕಿ ಪಕ್ಕ ಕೂತು ರೇಡಿಯೋ ರಿಪೇರಿ ಮಾಡುವುದಷ್ಟೇ. ಸ್ಕ್ರೂ ತಿರುಗಿಸುವ ಸದ್ದು ಕೇಳಬೇಕಿತ್ತು. ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಮನೆಯಲ್ಲಿ ಗ್ರೈಂಡರ್ ಶುರುವಾಯಿತು. ನಾನು ಹೋಗಿ ಬಾಗಿಲು ತಟ್ಟಿದೆ. ಆ ಅಮ್ಮ ಕೈಯಲ್ಲಿ ಉದ್ದಿನ ಹಿಟ್ಟು ಮೆತ್ತಿಕೊಂಡೇ ಬಂದರು. "ಎಷ್ಟು ಹೊತ್ತು ನಿಲ್ಲಿಸಬೇಕಪ್ಪಾ?" ಎಂದರು. ಹತ್ತು ನಿಮಿಷ ಎಂದೆ. ನಮಗೆ ಮೂರು ಗಂಟೆ ಹಿಡಿಯಿತು. ಅವರು ಒಂದು ಸಲವೂ ಬಂದು ಕೇಳಲಿಲ್ಲ. ಅರೆದಿದ್ದ ಅರ್ಧ ಹಿಟ್ಟನ್ನು ಹಾಗೇ ಮುಚ್ಚಿಟ್ಟು, ನಡುವೆ ಹನ್ನೊಂದು ಲೋಟ ಕಾಫಿ ಕಳಿಸಿದರು. ಮರುದಿನ ಅವರ ಮನೆಯಲ್ಲಿ ಇಡ್ಲಿ ಬದಲು ಉಪ್ಪಿಟ್ಟು ಮಾಡಿದ್ದರು ಎಂದು ಮಗಳು ಹೇಳಿದಳು.

ಆ ಸಿನಿಮಾ ದುಡ್ಡಿಲ್ಲದೆ ನಿಂತುಹೋಯಿತು. ಆದರೆ ಆ ಮೂರು ಗಂಟೆಯನ್ನು ಯಾವ ಬಜೆಟ್ಟಿನಲ್ಲೂ ಬರೆಯಲು ಆಗುವುದಿಲ್ಲ ಎಂದು ನನಗೆ ಅವತ್ತೇ ಗೊತ್ತಾಯಿತು. ಎರಡು ರಾತ್ರಿಗೆ ಮನೆ ಬಿಟ್ಟುಕೊಡುವ ಚಿಕ್ಕಪ್ಪ, ಲೈಟು ಹಿಡಿಯಲು ಬರುವ ನಾಟಕದ ಹುಡುಗರು, ಸಂಬಳ ಕೇಳದೆ ಎಡಿಟ್ ಮಾಡಿಕೊಡುವ ಗೆಳತಿ. ನಿಮ್ಮ ಪತ್ರದಲ್ಲೇ ಇಂಥ ಏಳು ಜನರಿದ್ದಾರೆ, ಎಣಿಸಿದ್ದೇನೆ. ಹೊಸ ದೇಶದಲ್ಲಿ ಇಷ್ಟು ಜನರನ್ನು ಸಂಪಾದಿಸಲು ಎಷ್ಟು ವರ್ಷ ಬೇಕು, ಯೋಚನೆ ಮಾಡಿ.

ಈ ನೆಲದಲ್ಲಿ ಮಾಡಿದ ಚಿತ್ರಗಳು ಹೊರಗೆ ಹೋಗದೇ ಏನಿಲ್ಲ. 1970ರ 'ಸಂಸ್ಕಾರ'ಕ್ಕೆ ಕ್ಯಾಮೆರಾ ಹಿಡಿದವರು ಟಾಮ್ ಕೋವನ್. ಆಸ್ಟ್ರೇಲಿಯಾದವರು ಮಲೆನಾಡಿಗೆ ಬಂದು ಕೆಲಸ ಮಾಡಿದರು. ಸೆನ್ಸಾರ್ ಮೊದಲು ಬೇಡ ಎಂದ ಆ ಚಿತ್ರಕ್ಕೇ ಆಮೇಲೆ ರಾಷ್ಟ್ರಪ್ರಶಸ್ತಿ ಬಂತು. ಗಿರೀಶ್ ಕಾಸರವಳ್ಳಿ ಫಾರ್ಮಸಿ ಓದಿದವರು, ಆಮೇಲೆ ಪುಣೆಗೆ ಹೋಗಿ ಸಿನಿಮಾ ಕಲಿತರು. ಅವರ 1977ರ 'ಘಟಶ್ರಾದ್ಧ' 2024ರಲ್ಲಿ ಹಳೆಯ ಪ್ರತಿಯಿಂದ ಮತ್ತೆ ಸ್ವಚ್ಛಗೊಂಡು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಅದೇ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಸಿನಿಮಾ ವಿದ್ಯಾರ್ಥಿಗಳಿಗೆಂದೇ ಇರುವ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ನಾಯ್ಕ್ ಕರ್ನಾಟಕದವರು, ಎಂಬಿಬಿಎಸ್ ಓದಿದವರು. ಅವರ ಕಿರುಚಿತ್ರ 16 ನಿಮಿಷದ್ದು. ಒಬ್ಬ ಅಜ್ಜಿ ಊರಿನ ಹುಂಜ ಕದ್ದ ಕಥೆ. ಕೇಳಿದರೆ ನಮ್ಮನಿಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮೊದಲು ಹೇಳುವ ಕಥೆ ಅನ್ನಿಸುತ್ತದೆ. ದುಡ್ಡಿನ ಮಾತಿಗೆ ಬಂದರೆ, 2013ರ 'ಲೂಸಿಯಾ'ಕ್ಕೆ ಬಂಡವಾಳ ಹಾಕಿದ್ದು ನೂರಕ್ಕೂ ಹೆಚ್ಚು ಸಾಮಾನ್ಯ ಪ್ರೇಕ್ಷಕರು.

ಇನ್ನು ವಿಮರ್ಶೆಯ ಮಾತು. ಸ್ಟಾರ್ ಹಂಚುವುದರ ಬಗ್ಗೆ ನಿಮ್ಮ ದೂರು ನ್ಯಾಯವಾದದ್ದೇ. ಶುಕ್ರವಾರ ಮಧ್ಯಾಹ್ನ ಸಿನಿಮಾ ನೋಡಿ ಸಂಜೆಯೊಳಗೆ ಮುನ್ನೂರು ಪದ ಕೊಡಬೇಕಾದ ವರದಿಗಾರರ ಕಷ್ಟ ನನಗೆ ಗೊತ್ತು. ಅವರು ಟಿಕೆಟ್ಟಿಗೆ ದುಡ್ಡು ಹಾಕಬಹುದೇ ಎಂದಷ್ಟೇ ಹೇಳಬಲ್ಲರು. ನಿಮಗೆ ಆ ಅವಸರ ಇರಲಿಲ್ಲ. ಆದರೂ ನೀವು ಬರೆದದ್ದೇನು? "ಛಾಯಾಗ್ರಹಣ ಕಣ್ಣಿಗೆ ಹಬ್ಬ. ಹಿನ್ನೆಲೆ ಸಂಗೀತ ಕಥೆಗೆ ಪೂರಕ. ನಿರ್ದೇಶಕರು ಚಿತ್ರಕಥೆಗೆ ಇನ್ನಷ್ಟು ಗಮನ ಕೊಡಬೇಕಿತ್ತು." ಈ ಮೂರು ವಾಕ್ಯವನ್ನು ಯಾವ ಸಿನಿಮಾಕ್ಕೆ ಬೇಕಾದರೂ ಅಂಟಿಸಬಹುದು. ವಾಪಸ್ ಕಳಿಸಿದ್ದು ಅದಕ್ಕೆ. ಕಾರಣ ಬರೆಯದೆ ಕಳಿಸಿದ್ದು ನಮ್ಮ ತಪ್ಪು. ಕ್ಷಮಿಸಿ.

ಆದರೆ ಅದೇ ಬರಹದ ಕೊನೆಯಲ್ಲಿ, ಬ್ರ್ಯಾಕೆಟ್ಟಿನೊಳಗೆ, ಒಂದು ಮಾತಿತ್ತು. ಸೊಸೆ ಅಳುವಾಗ ಅತ್ತೆ ತಿರುಗಿ ನೋಡುವುದಿಲ್ಲ, ಬೆಳ್ಳುಳ್ಳಿ ಸುಲಿಯುತ್ತಲೇ ಇರುತ್ತಾಳೆ, ಆದರೆ ಒಂದು ಎಸಳನ್ನು ಎರಡೆರಡು ಸಲ ಸುಲಿಯುತ್ತಾಳೆ ಎಂದು. ಮಿತ್ರರೇ, ಆ ಸಿನಿಮಾವನ್ನು ನಾನೂ ನೋಡಿದ್ದೆ. ಇದನ್ನು ಗಮನಿಸಿರಲಿಲ್ಲ. ನಿಮ್ಮ ಮಾತು ಓದಿದ ಮೇಲೆ ಇನ್ನೊಮ್ಮೆ ನೋಡಿದೆ. ಅಳು ಕೇಳಿಸುತ್ತಿದೆ ಎಂದು ಆ ನಟಿ ಕೈಯಲ್ಲೇ ಹೇಳಿದ್ದಾರೆ. ಅದನ್ನು ಕಂಡವರು ನೀವು. ಹೀಗೆ ನೋಡುವವರು ಇದ್ದಾರೆ ಎಂದು ಗೊತ್ತಾದರೆ, ಹತ್ತರ ಆಟಕ್ಕೆ ಒಂಬತ್ತು ಜನ ಬಂದ ಆ ನಿರ್ದೇಶಕರಿಗೆ ಮುಂದಿನ ಚಿತ್ರ ಮಾಡಲು ಜೀವ ಬರುತ್ತದೆ. ನಾಳೆ ನಿಮ್ಮ ಚಿತ್ರಕ್ಕೆ ಲೈಟು ಹಿಡಿಯಲು ಬರುವವರೂ ಇಂಥ ಓದುಗರಲ್ಲೇ ಸಿಗುತ್ತಾರೆ.

ಜರ್ಮನಿಗೆ ಹೋಗಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಕೆಲಸ ಸಿಕ್ಕಿದರೆ ಹೋಗಿ. ಬೇರೆ ಊರಿನ ಚಳಿ, ಬೇರೆ ಊಟ, ಬೇರೆ ಭಾಷೆ ನೋಡಬೇಕು ಅನ್ನಿಸಿದರೆ ಖಂಡಿತ ಹೋಗಿ. ಅಮ್ಮನಿಗೂ ಅದನ್ನೇ ಹೇಳಿ, ಅವರು ಅರ್ಥ ಮಾಡಿಕೊಳ್ಳುತ್ತಾರೆ. ಬೆಂಗಳೂರು ನನ್ನನ್ನು ಒಪ್ಪಲಿಲ್ಲ ಎಂಬ ಕೋಪದಲ್ಲಿ ಮಾತ್ರ ಹೊರಡಬೇಡಿ. ಈ ಊರು ನಿಮ್ಮ ಕೆಲಸವನ್ನು ಇನ್ನೂ ಸರಿಯಾಗಿ ನೋಡಿಲ್ಲ, ಅಷ್ಟೇ.

ನಿಮ್ಮ ಎರಡನೇ ಕಿರುಚಿತ್ರವನ್ನು ಪೆನ್‌ಡ್ರೈವ್‌ನಲ್ಲಿ ಕಳಿಸಿಕೊಡಿ. ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಯ ಪ್ರದರ್ಶನಗಳಿಗೆ ಹೋಗುವ ಅಭ್ಯಾಸ ಇಲ್ಲದಿದ್ದರೆ ಶುರು ಮಾಡಿ. ಆ ವಿಮರ್ಶೆಯನ್ನೂ ಹೊಸದಾಗಿ ಬರೆಯಿರಿ, 600 ಪದ ಸಾಕು. ಈ ಸಲ ಬೆಳ್ಳುಳ್ಳಿಯಿಂದ ಶುರು ಮಾಡಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.

– ಸಂಪಾದಕ