ನಾಟಕದಲ್ಲೇ ಹೊಟ್ಟೆ ತುಂಬುತ್ತಾ? ಹಾವೇರಿಯ ಗೆಳೆಯರಿಗೆ

ಬಿ.ಕಾಂ. ಅರ್ಧಕ್ಕೆ ಬಿಟ್ಟು ನಾಟಕ ನಿರ್ದೇಶನವನ್ನೇ ಕಸುಬು ಮಾಡಿಕೊಳ್ಳಲಾ ಅಂತ ಕೇಳಿದ್ದೀರಿ. ಕಸುಬು ಮಾಡಿಕೊಳ್ಳಬಹುದು. ಆದರೆ ಟಿಕೆಟ್ ದುಡ್ಡನ್ನು ನಂಬಬೇಡಿ. ಧಾರವಾಡದಲ್ಲಿ ನಾವು ಒಂದು ಪ್ರಯೋಗ ಮಾಡಿದರೆ ರಂಗಮಂದಿರದ ಬಾಡಿಗೆ, ಲೈಟು, ಮೇಕಪ್ಪು ಕಳೆದು ಉಳಿಯುವುದು ನಟರ ಬಸ್ ಚಾರ್ಜು, ಮಿರ್ಚಿ-ಚಹಾದ ಖರ್ಚು ಅಷ್ಟೆ.

ಅನ್ನ ಹುಟ್ಟೋದು ಬೇರೆ ಕಡೆ. ಶಾಲೆಗಳ ಗ್ಯಾದರಿಂಗ್ (ವಾರ್ಷಿಕೋತ್ಸವ), ಬೇಸಿಗೆ ಶಿಬಿರ, ಬೀದಿನಾಟಕ, ಮತ್ತೆ ಜಾತ್ರೆ ನಾಟಕ. ಜಾತ್ರೆ ನಾಟಕ ಅಂದ್ರೆ ಮೂಗು ಮುರಿಯಬೇಡಿ. ಅಲ್ಲಿ ಸಾಮಾನ್ಯವಾಗಿ ಪೇಟಿ (ಹಾರ್ಮೋನಿಯಂ) ಮಾಸ್ತರೇ ನಿರ್ದೇಶಕ. ಸೀನ್ಸು, ಅಂದ್ರೆ ಚಿತ್ರ ಬರೆದ ಪರದೆಗಳು, ಬಾಡಿಗೆಗೆ ಬರುತ್ತವೆ, ನಟಿಯರು ಬೇರೆ ಊರಿಂದ. ಹೊಲದಿಂದ ಬಂದ ಹುಡುಗರಿಗೆ ರಾತ್ರಿಯೆಲ್ಲಾ ತಾಲೀಮು. ಒಬ್ಬ ಖಳನಾಯಕನಿಗೆ ಕೈಯಲ್ಲಿ ಬಾರುಕೋಲು ಇದ್ದರೆ ಮಾತ್ರ ಮಾತು ನೆನಪಾಗುತ್ತಿತ್ತು. ಕೊನೆಗೆ ಬಾರುಕೋಲನ್ನೇ ಪಾತ್ರಕ್ಕೆ ಸೇರಿಸಿದೆ. ನಟನೆ ಬಗ್ಗೆ ನಾನು ಜಾಸ್ತಿ ಕಲಿತದ್ದು ಅಲ್ಲೇ.

ಸಂಭಾವನೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ, ಅರ್ಧ ಮುಂಗಡ ತಗೊಳ್ಳಿ. ಒಂದು ಶಾಲೆಯವರು ನನಗೆ ಶಾಲು ಹೊದಿಸಿ, ಹಾರ ಹಾಕಿ ಕಳಿಸಿದರು. ದುಡ್ಡಿನ ಕವರ್ ಇನ್ನೂ ಬಂದಿಲ್ಲ!

ಕಲಿಯಬೇಕು ಅಂದ್ರೆ ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನಲ್ಲಿ 1980ರಿಂದ ರಂಗಶಿಕ್ಷಣ ಕೇಂದ್ರ ಇದೆ. ಊರೂರು ಸುತ್ತಿ ನಾಟಕ ಆಡುವ ಅವರ ತಂಡ ‘ತಿರುಗಾಟ’ ಶುರುವಾದದ್ದು 1985ರಲ್ಲಿ. ಸಾಣೇಹಳ್ಳಿಯ ಶಿವಸಂಚಾರವೂ ಹೀಗೇ ಊರೂರು ಸುತ್ತುತ್ತದೆ. ಇಂಥ ತಂಡದಲ್ಲಿ ಒಂದು ವರ್ಷ ಸುತ್ತಿದರೆ ಸ್ಟೇಜಿನ ಭಯ ಬಿಡುತ್ತದೆ. ಅದಕ್ಕೂ ಮೊದಲು ನಿಮ್ಮ ಜಿಲ್ಲೆಯ ಶೇಷಗಿರಿಗೆ ಹೋಗಿ ಬನ್ನಿ. ಸಣ್ಣ ಹಳ್ಳಿ, ಆದರೆ ಸ್ವಂತ ರಂಗಮಂದಿರ ಇದೆ.

ಬಿ.ಕಾಂ. ಮಾತ್ರ ಬಿಡಬೇಡಿ ಮಾರಾಯ್ರೆ. ನಮ್ಮ ತಂಡದಲ್ಲಿ ರಾಜನ ಪಾತ್ರಕ್ಕೆ ನಾಲ್ಕು ಜನ ಇದ್ದಾರೆ, ಲೆಕ್ಕ ಬರೆಯೋಕೆ ಒಬ್ಬರೂ ಇಲ್ಲ.