‘ಅಜ್ಜಿ ಚೀಲ ನೋಡಿತು’

ಓದುಗರ ಪತ್ರ: ನನ್ನ ಮನೆಮಾತು ಮಲಯಾಳಂ. ಕನ್ನಡ ಕಲಿತು ಆರು ವರ್ಷವಾಯಿತು. ಅಜ್ಜಿಯ ಬಗ್ಗೆ ಬರೆಯಲು ಹೋಗಿ ನಾಲ್ಕು ಸಲ ಹರಿದು ಹಾಕಿದ್ದೇನೆ. ತಪ್ಪು ನೋಡಿ ನೀವು ನಗಬಹುದು. ವ್ಯಾಕರಣ ಪೂರ್ತಿ ಕಲಿತ ಮೇಲೆ ಬರೆಯಲೇ? ದಯವಿಟ್ಟು ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:

ಹೆಸರು ಹಾಕಿಲ್ಲ. ನಕ್ಕೂ ಇಲ್ಲ.

ನಿಮ್ಮ ಪತ್ರದ ಸಾರವನ್ನಷ್ಟೇ ಮೇಲೆ ಕೊಟ್ಟಿದ್ದೇನೆ; ಮೂಲದಲ್ಲಿ ಅದು ಮೂರು ಪುಟ. ಮೊದಲ ಎರಡರಲ್ಲಿ ಹುಡುಕಿದರೂ ತಪ್ಪು ಸಿಗುವುದಿಲ್ಲ, ಓದಿದ್ದು ನೆನಪಿನಲ್ಲಿ ನಿಲ್ಲುವುದೂ ಇಲ್ಲ. ‘ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಂಬುದನ್ನು ಯಾವ ಅರ್ಜಿಯಿಂದ ಎತ್ತಿಕೊಂಡಿರೋ! ಮೂರನೆಯ ಪುಟಕ್ಕೆ ಅಜ್ಜಿ ಬರುತ್ತಾರೆ: ‘ಅಜ್ಜಿ ಬಾಗಿಲು ತೆಗೆಯಿತು. ನನ್ನ ಮುಖ ನೋಡಲಿಲ್ಲ, ಚೀಲ ನೋಡಿತು. ಎಷ್ಟು ದಿನ ಇರುತ್ತೇನೆ ಅಂತ ಅದಕ್ಕೆ ಗೊತ್ತಾಯಿತು.’ ಇದನ್ನು ಪಕ್ಕದ ಮೇಜಿನವರಿಗೆ ಗಟ್ಟಿಯಾಗಿ ಓದಿ ಹೇಳಿದೆ.

ತಪ್ಪಿದೆ, ಹೌದು. ಮಲಯಾಳಂನಲ್ಲಿ ನಾನು, ನೀನು, ಅವಳು, ಅದು, ಯಾರೇ ಬಂದರೂ ಕ್ರಿಯಾಪದ ಒಂದೇ. ಕನ್ನಡದಲ್ಲಿ ಬಂದೆ, ಬಂದಳು, ಬಂದರು, ಬಂತು ಎಂದು ಆಳು ನೋಡಿ ಬದಲಾಗುತ್ತದೆ. ನೀವು ಅದರಲ್ಲೊಂದನ್ನು ಹಿಡಿದು ಎಲ್ಲರಿಗೂ ಹಂಚಿದ್ದೀರಿ. ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಈ ಬಗ್ಗೆ ಬರೆದಿದ್ದಾರೆ: ದಣಿವಿನಲ್ಲಿ ಕೈತಪ್ಪುವುದು ಬೇರೆ, ಕಲಿಯುವವರು ತಮ್ಮೊಳಗೇ ಕಟ್ಟಿಕೊಂಡ ನಿಯಮದಿಂದ ಹುಟ್ಟುವ ತಪ್ಪು ಬೇರೆ, ಎರಡನೆಯದು ಕಲಿಕೆ ಎಲ್ಲಿಗೆ ಬಂದಿದೆ ಎಂದು ತೋರಿಸುತ್ತದೆ. ನಿಮ್ಮದು ಆ ಜಾತಿಯದು. ಬರೆಯದೆ ಕೂತರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಹಾಗಾಗಿ ಹೋಗುವುದೂ ಇಲ್ಲ.

ತಿದ್ದುವುದು ಅರ್ಧ ನಿಮಿಷದ ಕೆಲಸ. ಆದರೆ ‘ತೆಗೆದರು’ ಎನ್ನಲೋ ‘ತೆಗೆದಳು’ ಎನ್ನಲೋ? ಅಜ್ಜಿಯೊಂದಿಗೆ ನಿಮ್ಮ ಸಲುಗೆ ಎಷ್ಟಿತ್ತೆಂದು ಯಾವ ವ್ಯಾಕರಣ ಪುಸ್ತಕವೂ ನನಗೆ ಹೇಳುವುದಿಲ್ಲ. ನೀವೇ ಹೇಳಬೇಕು.

ಹಾಗಂತ ಎಲ್ಲ ತಪ್ಪೂ ನಡೆಯುತ್ತದೆ ಎನ್ನಲಾರೆ. ಅದೇ ಪುಟದ ಕೊನೆಯಲ್ಲಿ ‘ಮರುದಿನ ಆಸ್ಪತ್ರೆಗೆ ಹೋಯಿತು’ ಎಂದಿದೆ. ಯಾರು? ಅಜ್ಜಿಯೋ, ನೀವೋ, ಇಬ್ಬರೂ ಕೂಡಿಯೋ? ಕನ್ನಡದಲ್ಲಿ ಕರ್ತೃವನ್ನು ಹೇಳದೆ ಬಿಡಬಹುದು, ಏಕೆಂದರೆ ಕ್ರಿಯಾಪದದ ತುದಿಯೇ ಆಳನ್ನು ತೋರಿಸುತ್ತದೆ. ತುದಿಯೇ ತಪ್ಪಿದಾಗ ಓದುಗರಿಗೆ ದಾರಿಯಿಲ್ಲ. ಮೊದಲ ತಪ್ಪೂ ಇದೂ ಒಂದೇ. ಅಲ್ಲಿ ‘ಅಜ್ಜಿ’ ಎಂಬ ಪದ ಕಾಪಾಡಿತು. ಅನುಮಾನವಿದ್ದ ಕಡೆ ಹೆಸರನ್ನೇ ಬರೆದುಬಿಡಿ. ನಿಮ್ಮ ಚಿಂತೆಯನ್ನೆಲ್ಲ ಇಂಥ ಜಾಗಕ್ಕೆ ಉಳಿಸಿಕೊಳ್ಳಿ.

ಮನೆಮಾತು ಮರಾಠಿಯಾಗಿದ್ದ ಬೇಂದ್ರೆ, ತಮಿಳಾಗಿದ್ದ ಮಾಸ್ತಿ ಎಂದು ಸಮಾಧಾನ ಹೇಳುವುದು ರೂಢಿ. ನನಗದು ಅಷ್ಟು ಸರಿ ಕಾಣುವುದಿಲ್ಲ. ಅವರು ಕನ್ನಡದ ನಡುವೆಯೇ ಬೆಳೆದವರು. ನಿಮಗೆ ಹತ್ತಿರದವರು ಕಿಟೆಲ್. ಜರ್ಮನಿಯಿಂದ ಇಲ್ಲಿಗೆ ಬಂದದ್ದು 1853ರಲ್ಲಿ, ನಿಘಂಟು ಅಚ್ಚಾದದ್ದು 1894ರಲ್ಲಿ, ವ್ಯಾಕರಣ ಗ್ರಂಥ ಇನ್ನೂ ತಡವಾಗಿ. ಅವೆರಡೂ ಮುಗಿಯಲಿ ಎಂದು ಅವರು ಕಾಯಲಿಲ್ಲ. 1862ರಲ್ಲೇ ‘ಕಥಾಮಾಲೆ’ಯಲ್ಲಿ ಏಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ಹೇಳಿದ್ದರು.

ಇನ್ನು, ಮನೆಮಾತು ಕನ್ನಡವೇ ಆದವರ ಕೈಯಲ್ಲಿ ‘ಹಾರ್ದಿಕ’ವು ‘ಆರ್ಧಿಕ’ವಾಗಿ ನನ್ನ ಮೇಜಿಗೆ ಬರುತ್ತಲೇ ಇರುತ್ತದೆ. ಅವರಲ್ಲಿ ಯಾರೂ ಮೂರು ಪುಟ ಕ್ಷಮೆ ಕೇಳಿದ್ದಿಲ್ಲ.

ಐದನೆಯ ಸಲ ಬರೆಯಿರಿ, ಹರಿಯದೆ ಕಳಿಸಿ. ಮೂರನೆಯ ಪುಟದಿಂದಲೇ ಶುರುವಾಗಲಿ. ಜೊತೆಗೆ, ಆಸ್ಪತ್ರೆಗೆ ಹೋದದ್ದು ಯಾರೆಂದು ಒಂದು ಸಾಲು ತಿಳಿಸಿ. ಎರಡು ದಿನದಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ.